ಕೌದಿ ಹೊದ್ದ ಡ್ರಮ್

ರಾತ್ರಿ ಒಂಬತ್ತು ದಾಟಿದ ಮೇಲೆ ಗಜೇಂದ್ರಗಡದ ನಮ್ಮ ಓಣಿಯಲ್ಲಿ ಸಣ್ಣ ಸಪ್ಪಳವೂ ದೊಡ್ಡದಾಗಿ ಕೇಳುತ್ತದೆ. ಗೋಡೆಗೆ ಗೋಡೆ ಹತ್ತಿದ ಮನೆಗಳು. ಹಗಲೆಲ್ಲ ಓಡಾಡಿದ ಮಗ್ಗದ ಲಾಳಿ ಆ ಹೊತ್ತಿಗೆ ನಿಂತಿರುತ್ತದೆ. ಅಂಥ ಮೌನದಲ್ಲಿ ನನ್ನ ಆಟದ ಡ್ರಮ್ಮಿಗೆ ಮೊದಲ ಏಟು ಹಾಕಿದಾಗ, ಅಟ್ಟದಿಂದ ತೆಂಗಿನಕಾಯಿ ಉರುಳಿದಂತಾಯಿತು. ಒಳಗಿನಿಂದ ಅವ್ವ ಕೂಗಿದಳು: “ಏನ್ ಬಿತ್ತೋ ಅಲ್ಲಿ?”

ಬೆಂಗಳೂರಿನ ಅಕ್ಕನ ಮಗ ಮನೆ ಬದಲಿಸುವಾಗ ಕೊಟ್ಟ ಡ್ರಮ್ ಅದು. 2007-08ರ ಸುಮಾರಿಗೆ ರಾಕ್ ಬ್ಯಾಂಡ್, ಗಿಟಾರ್ ಹೀರೋ ಎಂಬ ವಿಡಿಯೊ ಗೇಮುಗಳ ಭರಾಟೆಯಲ್ಲಿ ಇಂಥ ಪ್ಲಾಸ್ಟಿಕ್ ಡ್ರಮ್ಮುಗಳು ದೇಶದೇಶಗಳ ಮನೆ ಸೇರಿದವು. ಪರದೆಯ ಮೇಲೆ ಬಣ್ಣದ ಗುರುತುಗಳು ಇಳಿದು ಬರುತ್ತವೆ. ಕೆಂಪು ಗುರುತು ಗೆರೆ ಮುಟ್ಟಿದ ಗಳಿಗೆಗೆ ಕೆಂಪು ಪ್ಯಾಡ್ ಬಾರಿಸಬೇಕು, ಹಳದಿಗೆ ಹಳದಿ. ನೀಲಿ, ಹಸಿರು ಬೇರೆ, ಕಾಲಿಗೊಂದು ಪೆಡಲ್. ಆ ಕಾಲ ಮುಗಿಯಿತು. ಆದರೂ ಕ್ಲೋನ್ ಹೀರೋ ಎಂಬ ಪುಕ್ಕಟೆ ಆಟವನ್ನು ಕಂಪ್ಯೂಟರಿಗೆ ಹಾಕಿಕೊಂಡರೆ ಹಳೇ ಡ್ರಮ್ಮಿಗೆ ಮತ್ತೆ ಜೀವ ಬರುತ್ತದೆ.

ಮರುದಿನವೇ ಸ್ಕ್ರೂ ಬಿಚ್ಚಿ ಒಳಗೆ ನೋಡಿದೆ. ಪ್ರತಿ ಪ್ಯಾಡಿನ ಬೆನ್ನಿಗೆ ಒಂದು ಹಿತ್ತಾಳೆಯ ಬಿಲ್ಲೆ, ನಾಣ್ಯಕ್ಕಿಂತ ತೆಳು. ಅದರ ನಡುವೆ ಬಿಳಿ ಪಿಂಗಾಣಿಯ ಚಿಕ್ಕ ಬೊಟ್ಟು, ಎರಡು ಎಳೆ ವೈರು. ಇದಕ್ಕೆ ಪೀಜೋ ಎನ್ನುತ್ತಾರೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದರು. ಅವ್ವನ ಗ್ಯಾಸ್ ಲೈಟರಿನ ಕಿಡಿಯೂ ಅದೇ ಗುಣದಿಂದ ಹುಟ್ಟುವುದು. ಕೋಲಿನ ಏಟು ಪ್ಲಾಸ್ಟಿಕ್ಕನ್ನು ನಡುಗಿಸುತ್ತದೆ, ನಡುಕ ಬಿಲ್ಲೆಯನ್ನು ಮುಟ್ಟುತ್ತದೆ, ಬಿಲ್ಲೆ ಚೂರು ವಿದ್ಯುತ್ ಕೊಡುತ್ತದೆ, ಯಂತ್ರ ‘ಒಂದು’ ಎಂದು ಎಣಿಸುತ್ತದೆ. ಹಾಗಾದರೆ ಕೋಲಿಗೂ ಬಿಲ್ಲೆಗೂ ನಡುವೆ ಏನಿದೆ ಎನ್ನುವುದರಲ್ಲೇ ಎಲ್ಲ ಗುಟ್ಟು. ಗಟ್ಟಿ ಇದ್ದರೆ ಓಣಿಗೆಲ್ಲ ಸಪ್ಪಳ, ಜೊತೆಗೆ ಕೆಂಪಿಗೆ ಹೊಡೆದ ಏಟು ಹಳದಿಗೂ ಹರಿದು ಎರಡೆರಡು ಎಣಿಕೆ. ಮೆತ್ತಗಿದ್ದರೆ ಮೆಲ್ಲಗಿನ ಏಟು ಬಿಲ್ಲೆಯವರೆಗೆ ಹೋಗುವುದೇ ಇಲ್ಲ.

ಹೀಗೆ ಗಟ್ಟಿ-ಮೆತ್ತಗಿನ ಹದ ನೋಡುವುದು ನನಗೆ ಹೊಸ ವಿದ್ಯೆ ಎನ್ನಿಸಲಿಲ್ಲ. ನರಗುಂದದ ಅಜ್ಜಿಯ ಊರಲ್ಲಿ ಹೋಳಿ ಹುಣ್ಣಿಮೆಗೆ ಹಲಗಿ ಬಾರಿಸುವ ಮುಂಚೆ ಹುಲ್ಲಿನ ಬೆಂಕಿಗೆ ಹಿಡಿದು ಕಾಸುತ್ತಿದ್ದರು. ಥಂಡಿಗೆ ಸಡಿಲಾದ ಚರ್ಮ ಬಿಗಿಯುವವರೆಗೂ ಯಾರೂ ಕೋಲು ಎತ್ತುತ್ತಿರಲಿಲ್ಲ. ರೋಣದ ಸೋದರಮಾವ ಭಜನೆಗೆ ಪಖವಾಜ ಬಾರಿಸುತ್ತಾರೆ. ಕೂಡುವ ಮುಂಚೆ ಅಡುಗೆಮನೆಯಿಂದ ಗೋದಿಹಿಟ್ಟಿನ ಕಣಕ ಬರಬೇಕು. ಅಂಗೈಯಲ್ಲಿ ನಾದಿ, ಎಡಗಡೆಯ ಚರ್ಮದ ನಡುವೆ ಮೆತ್ತಿ, ತಟ್ಟಿ ಕೇಳಿ, ಚೂರು ಕಿತ್ತು, ಮತ್ತೆ ತಟ್ಟುತ್ತಾರೆ. ಕಣಕದ ಭಾರಕ್ಕೆ ದನಿ ಕೆಳಗಿಳಿದು ತುಂಬಿಕೊಳ್ಳುತ್ತದೆ. ಭಜನೆ ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ರೋಣ ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ ಊರು. ಚಿಕ್ಕಂದಿನಲ್ಲಿ ಅವರು ಭಜನೆಯೋ ಬ್ಯಾಂಡೋ ಕಂಡರೆ ಮೆರವಣಿಗೆಯ ಹಿಂದೆಯೇ ಹೋಗಿ, ದಣಿದಲ್ಲೇ ನಿದ್ದೆ ಹೋಗುತ್ತಿದ್ದರಂತೆ; ಕೊನೆಗೆ ತಂದೆ ಅವರ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರಂತೆ. ನಾನು ನಡೆದದ್ದು ಮಾವನ ಪಖವಾಜದ ಹಿಂದೆ. ಹಾಡಿಗಿಂತ ಆ ಕಣಕದ ಕೈಯನ್ನೇ ನೋಡುತ್ತಿದ್ದೆ.

ಮೊದಲು ಹಳೇ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ ಪ್ಯಾಡಿನ ಮೇಲಿಟ್ಟೆ. ಸಪ್ಪಳವೇನೋ ಅಡಗಿತು. ಆದರೆ ಕೋಲು ಪುಟಿಯಲಿಲ್ಲ. ಡ್ರಮ್ಮಿನಲ್ಲಿ ಅರ್ಧ ಕೆಲಸ ಪುಟಿತದ್ದು. ಹೊಡೆದ ಕೋಲನ್ನು ಡ್ರಮ್ಮೇ ಎತ್ತಿ ಕೊಡಬೇಕು. ಎರಡು ಹಾಡಿಗೆ ಮಣಿಕಟ್ಟು ಸೋತವು. ಪಾತ್ರೆ ತಿಕ್ಕುವ ಸ್ಪಂಜೂ ಕೈಕೊಟ್ಟಿತು.

ಪುಟಿತ ಸಿಕ್ಕಿದ್ದು ಪಂಕ್ಚರ್ ಅಂಗಡಿಯಲ್ಲಿ. ಸೈಕಲ್ ಟ್ಯೂಬ್ ಸೀಳಿದರೆ ಪ್ಯಾಡಿನ ಅಗಲಕ್ಕೆ ಸಾಲುವುದಿಲ್ಲ. ಮೂಲೆಯಲ್ಲಿ ಟ್ರ್ಯಾಕ್ಟರಿನ ಹರಿದ ಟ್ಯೂಬ್ ಬಿದ್ದಿತ್ತು, ದಪ್ಪ, ಎಳೆದರೆ ಹಟ ಮಾಡಿ ಹಿಂದಕ್ಕೆ ಹೋಗುವ ರಬ್ಬರ್. ಅಂಗಡಿಯವನು ಅದನ್ನು ಕೊಟ್ಟಿದ್ದಲ್ಲದೆ ವಿದ್ಯೆಯನ್ನೂ ಕೊಟ್ಟ. ಒಳಮೈಯ ಬಿಳಿ ಪುಡಿ ತೊಳೆ. ಉಸುಕಿನ ಕಾಗದದಿಂದ ಕಪ್ಪು ಬಣ್ಣ ಮಾಸುವವರೆಗೆ ಗೀರು. ತೆಳ್ಳಗೆ ಸಲ್ಯೂಷನ್ ಹಚ್ಚು. “ಹಚ್ಚಿದ ಕೂಡ್ಲೆ ಅಂಟಿಸಬ್ಯಾಡ್ರಿ ಅಣ್ಣಾರ. ಬೆರಳಿಟ್ರ ಬೆರಳಿಗೆ ಹತ್ತಬಾರದು, ಆವಾಗ ಒತ್ರಿ.” ಒದ್ದೆಯಾಗಿದ್ದಾಗ ಹಿಡಿಯದ ಅಂಟು ಒಣಗಿದಾಗ ಕಚ್ಚಿ ಹಿಡಿಯುತ್ತದೆಂದು ನಂಬುವುದು ಕಷ್ಟ. ಕಾದೆ. ಹಿಡಿಯಿತು.

ರಬ್ಬರಿನ ಕೆಳಗೆ ಏನು? ಇದಕ್ಕೆ ಉತ್ತರ ಅವ್ವನ ಗಂಟಿನಲ್ಲಿತ್ತು. ನಮ್ಮ ಊರಿನ ಮಗ್ಗದ ಸೀರೆಗಳು ಉಟ್ಟು ಉಟ್ಟು ಮೆತ್ತಗಾದ ಮೇಲೆ ಅವ್ವ ಅವನ್ನು ಕೌದಿಗೆ ಹಾಕುತ್ತಾಳೆ. ನಾಲ್ಕೈದು ಪದರು, ಬೆರಳಗಲಕ್ಕೊಂದು ಸಾಲು ಹೊಲಿಗೆ. ಹರಿದ ಕೌದಿಯ ಒಂದು ಮೂಲೆ ಕೇಳಿದೆ. ಊಟದ ತಾಟು ಬೋರಲಿಟ್ಟು ಅಳತೆ ಹಾಕಿ ಕತ್ತರಿಸಿ ಕೊಟ್ಟಳು. ಸ್ಪಂಜಿನ ಹಾಗೆ ಕುಸಿಯುವುದಿಲ್ಲ ಅದು. ಆ ಒತ್ತು ಹೊಲಿಗೆಯೇ ಅದನ್ನು ಹಿಡಿದು ನಿಲ್ಲಿಸುತ್ತದೆ. ಕೌದಿ ಸಪ್ಪಳ ನುಂಗಿತು, ಟ್ಯೂಬ್ ಕೋಲು ಎತ್ತಿಕೊಟ್ಟಿತು. ಕೆಂಪು ಪ್ಯಾಡಿನ ಕೌದಿಗೆ ಒಂದು ಹಳೇ ಅಂಚಿನ ಚೂರೂ ಬಂದಿದೆ. ರಬ್ಬರಿನ ಅಡಿ ಇರುವುದರಿಂದ ಯಾರಿಗೂ ಕಾಣದು, ನನಗೆ ಗೊತ್ತು.

ಎರಡೆರಡು ಎಣಿಕೆಯ ಕಾಟ ತಪ್ಪಿದ್ದು ಪ್ಯಾಡು ಚೌಕಟ್ಟಿಗೆ ಕೂಡುವ ಪ್ರತಿ ಸ್ಕ್ರೂವಿನ ಕೆಳಗೆ ಸೈಕಲ್ ಟ್ಯೂಬಿನ ವಾಷರ್ ಕತ್ತರಿಸಿ ಹಾಕಿದ ಮೇಲೆ. ನಡುಕ ಅಲ್ಲೇ ನಿಂತಿತು. ನಡುವೆ ಮುರಿದಿದ್ದ ಪೆಡಲಿಗೆ ಬೇವಿನ ಪಟ್ಟಿ ಕೊಟ್ಟು ಎರಡು ಬೋಲ್ಟ್ ಬಿಗಿದೆ. ಕಾಲುಗಳ ಅಡಿ ಗೋಣಿತಟ್ಟು ಹಾಸಿದೆ. ಬೆಳಿಗ್ಗೆ ಅವ್ವ ಜೋಳದ ರೊಟ್ಟಿ ಬಡಿಯುವ ಹೊತ್ತಿಗೆ ನಾನೂ ಬಾರಿಸಿ ನೋಡಿದೆ. ಅವಳ ಕೈ ಸಪ್ಪಳವೇ ಹೆಚ್ಚಾಗಿ ಕೇಳಿತು. ಆ ಅಳತೆ ನನಗೆ ಸಾಕಿತ್ತು.

ಹೋದ ವಾರ ಮಾವ ಬಂದಿದ್ದರು. ಆಟ ಹಚ್ಚಿ ಕೋಲು ಕೊಟ್ಟೆ. ಪರದೆಯ ಕಡೆ ಅವರು ನೋಡಲೇ ಇಲ್ಲ. ಕೋಲು ಬದಿಗಿಟ್ಟು, ಪ್ಯಾಡಿನ ಅಂಚಿಗೆ ಹೆಬ್ಬೆರಳು ಒತ್ತುತ್ತ ಸುತ್ತ ಬಂದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಮಕ್ಕಳು ತಬಲಾ ಕಲಿಯುವುದನ್ನು ಕಂಡವರಿಗೆ ಆ ಬೆರಳಿನ ಬೆಲೆ ತಿಳಿದೀತು. ಕೆಂಪು, ಹಳದಿ, ನೀಲಿ ದಾಟಿದವರು ಹಸಿರಿನ ಬಲಗಡೆ ನಿಂತರು.

“ತಮ್ಮಾ, ಇಲ್ಲೆ ಸಡ್ಲ ಐತಿ ನೋಡು.”

ಹೌದು. ಹಸಿರಿನಲ್ಲಿ ಬಿರುಸು ಏಟುಗಳು ಆಗಾಗ ತಪ್ಪುತ್ತಿದ್ದವು. ವೈರಿನ ದೋಷವೆಂದು ಮೂರು ದಿನ ಬೆಸುಗೆ ಬಿಚ್ಚಿ ಹಾಕಿದ್ದೆ. ಎರಡು ಬೆರಳಗಲ ಅಂಚು ಸಲ್ಯೂಷನ್ ಹಿಡಿಯದೆ ಎದ್ದಿತ್ತು. ಮಾವ ಊಟಕ್ಕೆ ಏಳುವ ಮುಂಚೆ ಅದನ್ನು ಎತ್ತಿ, ಮತ್ತೆ ಗೀರಿ, ತೆಳ್ಳಗೆ ಹಚ್ಚಿ ಒಣಗಲು ಬಿಟ್ಟೆ. ಅವರು ಪಕ್ಕದಲ್ಲೇ ಕೂತು ಆಗಾಗ ಬೆರಳಿಟ್ಟು ನೋಡುತ್ತಿದ್ದರು, ಇನ್ನೂ ಹತ್ತುತ್ತದೋ ಇಲ್ಲವೋ ಎಂದು.