ನಾಯಿ ಅಡ್ಡ ಬಂದ ಪ್ರಸಂಗ

ವಿಮೆಯ ಕಂತು ಕಟ್ಟುವ ಮನುಷ್ಯನಿಗೆ ಎರಡು ಆಸೆಗಳಿರುತ್ತವೆ. ಏನೂ ಆಗದಿರಲಿ ಎಂಬುದು ಒಂದು. ಇನ್ನೊಂದನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ: ಇಷ್ಟು ವರ್ಷ ಕಟ್ಟಿದ್ದೇನೆ, ಏನಾದರೂ ಸ್ವಲ್ಪ ಆಗಿ ಒಂದಿಷ್ಟು ವಾಪಸು ಬರಬಾರದೆ!

ನನಗೆ ಆ 'ಸ್ವಲ್ಪ' ಕಳೆದ ಮಳೆಗಾಲದಲ್ಲಿ ಆಯಿತು. ಶಿವಮೊಗ್ಗದ ನಮ್ಮ ಬಡಾವಣೆಯ ತಿರುವಿನಲ್ಲಿ ಬೈಕಿನ ಮೇಲೆ ನಿಧಾನವಾಗಿ ಬರುತ್ತಿದ್ದಾಗ, ಅಡ್ಡರಸ್ತೆಯಿಂದ ಬ್ರೇಕಿಲ್ಲದ ಸೈಕಲ್ಲೊಂದು ನುಗ್ಗಿ ಮುಂದಿನ ಚಕ್ರಕ್ಕೆ ಗುದ್ದಿತು. ಸವಾರ ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರ ಮಗ, ಹನ್ನೊಂದು ವರ್ಷದವನು. ಅವನ ಮೊಣಕಾಲು ತರಚಿತು, ನನ್ನ ಮೊಣಕೈ ತರಚಿತು, ಯಾರದೋ ಗರಿಗರಿ ಪಂಚೆಗಳು ಕೆಸರು ಕುಡಿದವು. ಬೈಕಿನ ಹ್ಯಾಂಡಲ್ ಸೊಟ್ಟಗಾಗಿ, ಎರಡು ಇಂಡಿಕೇಟರುಗಳು ಕತ್ತು ಮುರಿದುಕೊಂಡು ನೇತಾಡುತ್ತಿದ್ದವು. ಮೆಕ್ಯಾನಿಕ್ ಒಂದು ಪ್ರದಕ್ಷಿಣೆ ಹಾಕಿ 2,400 ರೂಪಾಯಿ ಎಂದ. ಪ್ಲಾಸ್ಟಿಕ್ಕಿನದು ಸಾವಿರ, ಕಬ್ಬಿಣದ್ದು ಸಾವಿರ, ಕೂಲಿ ನಾನೂರು. ಆಮೇಲೆ ದನಿ ತಗ್ಗಿಸಿ, "ಇನ್ಶೂರೆನ್ಸ್ ಇದ್ರೆ ಹೇಳಿ ಸಾರ್, ಟ್ಯಾಂಕಿನ ಹಳೇ ಡೆಂಟೂ ಸೇರಿಸ್ಬಿಡೋಣ" ಎಂದ.

ಹಳೇ ಡೆಂಟಿನ ವಿಷಯ ಅಲ್ಲೇ ಬಿಟ್ಟೆ. ಆದರೆ 'ಇನ್ಶೂರೆನ್ಸ್' ಎಂಬ ಶಬ್ದ ಕಿವಿಯಲ್ಲಿ ಉಳಿಯಿತು.

ಸಂಜೆ ಕಾಗದ ಪೆನ್ಸಿಲ್ ಹಿಡಿದು ಕೂತೆ. ಬೈಕಿಗೆ ಎರಡು ವರ್ಷ ತುಂಬಿ ಮೂರನೆಯದು ನಡೆಯುತ್ತಿತ್ತು. ವಿಮೆಯವರ ಲೆಕ್ಕದಲ್ಲಿ ಪ್ಲಾಸ್ಟಿಕ್ಕು, ರಬ್ಬರು ಹೊಸದಿದ್ದರೂ ಹಳೆಯದಿದ್ದರೂ ಅರ್ಧ ಬೆಲೆಯವೇ. ಕಬ್ಬಿಣಕ್ಕೆ ಈ ವಯಸ್ಸಿನಲ್ಲಿ ಶೇಕಡಾ 15 ಸವೆತ. ಅಂದರೆ 500, 850, ಕೂಲಿ 400. ನಾವೇ ಭರಿಸಬೇಕಾದ ಕಡ್ಡಾಯದ ನೂರು ಕಳೆದು ಕೈಗೆ 1,650. ವಾಪಸು ಬರುವ ದುಡ್ಡು ಯಾವಾಗಲೂ ದೊಡ್ಡದಾಗಿ ಕಾಣುತ್ತದೆ ನೋಡಿ, ಒಂದು ಗಳಿಗೆ ಖುಷಿಯೇ ಆಯಿತು.

ಆದರೆ ಹಕ್ಕು ಕೇಳದೆ ಬಾಯಿ ಮುಚ್ಚಿಕೊಂಡಿದ್ದವರಿಗೆ ವಿಮೆಯವರು ಕೊಡುವ ಬಹುಮಾನವೊಂದಿದೆ, ನೋ ಕ್ಲೇಮ್ ಬೋನಸ್. ಸ್ವಂತ ಹಾನಿಯ ಕಂತಿನಲ್ಲಿ ಮೊದಲ ವರ್ಷದ ಮೌನಕ್ಕೆ ಶೇಕಡಾ 20 ಕಡಿತ, ಆಮೇಲೆ 25, 35, 45, ಕೊನೆಗೆ 50. ಒಂದು ಸಲ ಬಾಯಿ ತೆರೆದರೆ ಸೊನ್ನೆಯಿಂದ ಮತ್ತೆ ಏಣಿ ಹತ್ತಬೇಕು. ನಾನು 25ರ ಮೆಟ್ಟಿಲಲ್ಲಿದ್ದೆ. ಮುಂದಿನ ಐದು ವರ್ಷಗಳಲ್ಲಿ ಕಳೆದುಕೊಳ್ಳುವುದನ್ನು ಕೂಡಿಸಿದೆ: 35, 25, 25, 15, 5. ಒಟ್ಟು ಶೇಕಡಾ 105, ಒಂದು ವರ್ಷದ ಪೂರ್ತಿ ಕಂತಿಗಿಂತ ತುಸು ಹೆಚ್ಚು. ನನ್ನ ಕಂತು 800 ಎಂದೇ ಹಿಡಿದರೆ 840 ರೂಪಾಯಿ. ಉಳಿದದ್ದು 810. ಸರ್ವೇಯರ್ ಬಂದು ನೋಡುವವರೆಗೆ ರಿಪೇರಿ ಮಾಡಿಸುವಂತಿಲ್ಲ, ಅಷ್ಟು ದಿನ ಆಟೋ. ಆದರೂ 810 ಎಂದರೆ 810.

ಪರಿಚಯದ ಏಜೆಂಟರನ್ನು ಕೇಳಿದೆ. "ಮಾಡ್ಬಹುದು ಸಾರ್. ಆದ್ರೆ ಹೇಗಾಯ್ತು ಅನ್ನೋ ಕಡೆ ಹುಡುಗನ್ನ ತರಬೇಡಿ. ಇನ್ನೊಬ್ರಿಗೆ ಪೆಟ್ಟಾಗಿದೆ ಅಂದ್ರೆ ಪೊಲೀಸು, ಕಂಪ್ಲೇಂಟು ಎಲ್ಲಾ ಕೇಳ್ತಾರೆ. ನಾಯಿ ಅಡ್ಡ ಬಂತು ಅಂತ ಬರೀರಿ. ನಾಯಿ ಬಂದು ಇಲ್ಲ ಅನ್ನಲ್ಲ."

ನಮ್ಮ ಬೀದಿಯಲ್ಲಿ ನಾಯಿಗಳಿಗೇನೂ ಕೊರತೆಯಿಲ್ಲ. ಅರ್ಜಿಯಲ್ಲಿ ಕಾರಣ ಬರೆಯುವ ಜಾಗ ಎರಡೇ ಗೆರೆ. ಆ ಎರಡು ಗೆರೆಯ ಮುಂದೆ ಪೆನ್ನು ಹಿಡಿದು ಕೂತಿದ್ದಾಗ ಬಾಗಿಲಲ್ಲಿ ಇಸ್ತ್ರಿ ಅಂಗಡಿಯವರು ನಿಂತಿದ್ದರು, ಪಕ್ಕದಲ್ಲಿ ಮೊಣಕಾಲಿಗೆ ಅರಿಶಿನ ಮೆತ್ತಿಕೊಂಡ ಹುಡುಗ. ನಾನು ಯಾವುದೋ ಫಾರಂ ತುಂಬುತ್ತಿದ್ದೇನೆಂದು ಮೆಕ್ಯಾನಿಕ್ ಆಗಲೇ ಹೇಳಿದ್ದನಂತೆ. "ಸ್ವಾಮಿ, ಸ್ಟೇಷನ್ನಿಗೆ ಮಾತ್ರ ಬರೆದುಕೊಡಬೇಡಿ" ಎಂದು ಇನ್ನೂರರ ಎರಡು ನೋಟು ಮೇಜಿನ ಮೇಲಿಟ್ಟರು. ಇದು ವಿಮೆಯ ಫಾರಂ, ನಿಮಗೆ ಸಂಬಂಧವಿಲ್ಲ ಎಂದೆ. ಅವರಿಗೆ ಬರೆದ ಕಾಗದವೆಲ್ಲ ಒಂದೇ. "ಅದರಲ್ಲಿ ಇವನ ಹೆಸರು ಇದೆಯಾ?" ಎಂದು ಮತ್ತೆ ಮತ್ತೆ ಕೇಳಿದರು.

ಹೆಸರಿಲ್ಲ ಎನ್ನಬೇಕಾದರೆ ನಾಯಿಯನ್ನು ಬರೆಯಬೇಕಿತ್ತು. ನಾಯಿಯನ್ನು ಬರೆದಿದ್ದರೆ, ಬಾಗಿಲಲ್ಲಿ ಅರಿಶಿನದ ಕಾಲಿನಲ್ಲಿ ನಿಂತಿದ್ದವನು ಯಾರು?

ಫಾರಂ ಅವರೆದುರಿಗೇ ಹರಿದೆ. ನೋಟುಗಳನ್ನು ಹುಡುಗನ ಜೇಬಿಗೆ ತುರುಕಿ, ಸೈಕಲ್ಲಿಗೆ ಬ್ರೇಕು ಹಾಕಿಸಿಕೋ ಎಂದೆ. ನನ್ನವಳು ಒಳಗಿನಿಂದ, "ಎಂಟುನೂರ ಹತ್ತು ಹೋಯ್ತಲ್ಲ ರೀ" ಎಂದಳು. ಲೆಕ್ಕದ ಕಾಗದ ಅವಳ ಕೈಗೆ ಸಿಕ್ಕಿತ್ತು.

ಬೈಕು ಮಾರನೆಯ ದಿನವೇ ರಿಪೇರಿಯಾಯಿತು. ಇಸ್ತ್ರಿ ಅಂಗಡಿಯವರು ಅಂದಿನಿಂದ ನಮ್ಮ ಬಟ್ಟೆಗೆ ದುಡ್ಡು ಮುಟ್ಟುವುದಿಲ್ಲ. ಬೇರೆ ಅಂಗಡಿಗೆ ಕೊಟ್ಟರೆ ಅವರಿಗೆ ನೋವು, ಇಲ್ಲಿಗೇ ಕೊಟ್ಟರೆ ನನಗೆ ಮುಜುಗರ. ಹೀಗಾಗಿ ಎರಡು ತಿಂಗಳು ಸುಕ್ಕು ಅಂಗಿಯಲ್ಲೇ ಆಫೀಸಿಗೆ ಹೋದೆ. ಈಗ ನನ್ನವಳು ಅಂಗಿ ಅಂಗಿಗೂ ಲೆಕ್ಕ ಇಟ್ಟು, ಅಷ್ಟನ್ನೂ ಹುಡುಗನ ನೋಟ್‌ಬುಕ್ಕು, ಪೆನ್ನುಗಳಲ್ಲಿ ತೀರಿಸುತ್ತಿದ್ದಾಳೆ.