ಅರವತ್ತನೆಯ ದಿನ ಯಾವುದು?

ಜಯನಗರ, ಬನಶಂಕರಿ ಕಡೆಯ ನಮ್ಮಂಥ ಮನೆಗಳಲ್ಲಿ ಬಾಣಂತನಕ್ಕೆ ಮಗಳು ತವರಿಗೆ ಬರುವುದು ಕಡಿಮೆಯಾಗಿ, ತವರೇ ವಿಮಾನ ಹತ್ತಿ ಹೋಗುವುದು ಹೆಚ್ಚಾಗಿದೆ. ನಮ್ಮ ಮಗಳು ಅಳಿಯ ಇರುವುದು ಬ್ಯಾಂಕಾಕಿನಲ್ಲಿ. 2025ರ ಏಪ್ರಿಲ್ 11ರ ರಾತ್ರಿ, ಶಾಲೆಗೆ ಬೇಸಿಗೆ ರಜೆ ಬಿಟ್ಟದ್ದೇ ತಡ, ಗಾಂಧಿಬಜಾರಿನ ಗ್ರಂಧಿಗೆ ಅಂಗಡಿಯ ಅಂಟು, ಬಜೆ, ಮೆಣಸಿನ ಪೊಟ್ಟಣಗಳೊಡನೆ ನಾವಿಬ್ಬರೂ ಹೊರಟೆವು.

ಥಾಯ್ಲೆಂಡ್ 2024ರ ಜುಲೈ 15ರಿಂದ ಭಾರತೀಯರಿಗೆ ವೀಸಾ ಇಲ್ಲದೆಯೇ 60 ದಿನ ಇರಲು ಅವಕಾಶ ಕೊಟ್ಟಿತ್ತು. ಅರವತ್ತಕ್ಕೆ ಮೇಲೆ ದಾರಿಯಿಲ್ಲವೆಂದು ನಂಬಿ, ನನ್ನಾಕೆಗೆ ಜೂನ್ 11ಕ್ಕೆ ವಾಪಸು ಟಿಕೆಟ್ ತೆಗೆಸಿದ್ದೆ. ಲೆಕ್ಕ ಮಾಡಿದವನು ನಾನು, ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿದವನು!

12ರ ಬೆಳಿಗ್ಗೆ ಸುವರ್ಣಭೂಮಿ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು. (ಹೆಸರು ನಮ್ಮದೇ ಅಲ್ಲವೆ? ಮಾರನೆಯ ದಿನ ಶುರುವಾದ ಅವರ ನೀರೆರಚುವ ಹಬ್ಬ ಸೊಂಗ್‌ಕ್ರಾನ್ ಕೂಡ ನಮ್ಮ ಸಂಕ್ರಾಂತಿಯೇ.) ಮುದ್ರೆಯಲ್ಲಿದ್ದ ಕೊನೆಯ ದಿನಾಂಕ ಜೂನ್ 10. ಹನ್ನೆರಡಕ್ಕೆ ಅರವತ್ತು ಕೂಡಿಸಿದ್ದ ನಾನು ಇಳಿದ ದಿನವನ್ನೇ ಮರೆತಿದ್ದೆ. ಅವರಿಗೆ ಅದು ಒಂದನೆಯ ದಿನ. ಮೀಟರಿಗೊಂದರಂತೆ ಕಂಬ ನೆಟ್ಟರೆ ಹತ್ತು ಮೀಟರು ಬೇಲಿಗೆ ಎಷ್ಟು ಕಂಬ ಬೇಕೆಂದು ತರಗತಿಯಲ್ಲಿ ಕೇಳುತ್ತೇನೆ. ಹತ್ತು ಎಂದವರನ್ನು ಇನ್ನು ಮುಂದೆ ನಗಾಡಲಾರೆ. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತ್ ದಂಡ.

ವೈದ್ಯರು ಹೇಳಿದ್ದ ಹೆರಿಗೆಯ ದಿನ ಮೇ 25. ಆ ದಿನ ಬಂತು, ಹೋಯಿತು, ನೋವಿನ ಸುಳಿವಿಲ್ಲ. ನನಗೆ 29ಕ್ಕೆ ಶಾಲೆ. "ರೀ, ನೀವು ಹೋಗಿ. ನಾನು ಮಾತ್ರ ಎಳೆ ಬಾಣಂತಿಯನ್ನು ಬಿಟ್ಟು ಬರೋಳಲ್ಲ" ಎಂದಳು ನನ್ನಾಕೆ. ದಾರಿ ಹುಡುಕಿದವನು ಅಳಿಯ. ವಲಸೆ ಇಲಾಖೆಯ ಕಚೇರಿಗೆ ಹೋಗಿ ಅರ್ಜಿ ಕೊಟ್ಟರೆ ಇನ್ನು 30 ದಿನ ಸಿಗುತ್ತದಂತೆ.

26ರ ಬೆಳಿಗ್ಗೆ ಮೋನೋರೈಲಿನಲ್ಲಿ ಚೆಂಗ್ ವತ್ತನ ರಸ್ತೆಯ ಸರ್ಕಾರಿ ಕಚೇರಿಗಳ ಸಂಕೀರ್ಣಕ್ಕೆ ಹೋದೆವು. ಟಿ.ಎಂ.7 ಎಂಬ ಅರ್ಜಿ, ಒಂದು ಭಾವಚಿತ್ರ, ಪಾಸ್‌ಪೋರ್ಟಿನ ಪ್ರತಿಗಳು, 1900 ಬಾತ್ ಶುಲ್ಕ. ನಮ್ಮ ಹಣದಲ್ಲಿ ಸುಮಾರು ಐದು ಸಾವಿರ ರೂಪಾಯಿ. ಎಲ್ಲವೂ ಇತ್ತು, ಒಂದು ಚೀಟಿ ಬಿಟ್ಟು. ವಿದೇಶಿಯರು ಬಂದು ಉಳಿದರೆ 24 ಗಂಟೆಯೊಳಗೆ ಮನೆಯವರು ವಲಸೆ ಇಲಾಖೆಗೆ ತಿಳಿಸಬೇಕು. ಆ ನಮೂನೆಯ ಹೆಸರು ಟಿ.ಎಂ.30. ಮನೆಯೊಡತಿ ತಿಳಿಸಿದ್ದಾರೆಂದು ಅಳಿಯ, ಅಳಿಯ ತಿಳಿಸಿದ್ದಾನೆಂದು ಆಕೆ! ಸಿಡುಕಿದ ನನಗೆ ಅಳಿಯನೇ ನೆನಪಿಸಿದ: ನಮ್ಮ ದೇಶದಲ್ಲೂ ವಿದೇಶಿ ಅತಿಥಿ ಬಂದರೆ ಇದೇ 24 ಗಂಟೆಯಲ್ಲಿ 'ಸಿ' ನಮೂನೆ ತುಂಬಬೇಕಲ್ಲ ಮಾವ, ಜಯನಗರದಲ್ಲಿ ಎಷ್ಟು ಮಂದಿ ತುಂಬುತ್ತಾರೆ? ನಾನು ಸುಮ್ಮನಾದೆ.

ಮನೆಯೊಡತಿಗೆ ಫೋನು ಮಾಡಿ, ಆಕೆ ತಡವಾಗಿ ತಿಳಿಸಿ, ಚೀಟಿ ಕೈಸೇರುವಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಕೊನೆಗೆ ಹೊಸ ಮುದ್ರೆ: ಜುಲೈ 10. ಅರ್ಜಿ ಎರಡು ವಾರ ಮೊದಲೇ ಕೊಟ್ಟರೂ ಒಂದು ದಿನವೂ ನಷ್ಟವಾಗಲಿಲ್ಲ. ಮೂವತ್ತು ದಿನ ಎಣಿಸಿದ್ದು ಹಳೆಯ ಅವಧಿ ಮುಗಿಯುವ ಜೂನ್ 10ರಿಂದ. ರಸೀದಿಯಲ್ಲಿ ಮಾತ್ರ ಇಸವಿ 2568 ಎಂದಿತ್ತು. ಅವರದು ಬುದ್ಧ ಶಕ, ನಮ್ಮ ಲೆಕ್ಕಕ್ಕಿಂತ 543 ಮುಂದೆ. ಇಂಥ ನಿಯಮಗಳು ಆಗಾಗ ಬದಲಾಗುತ್ತವೆ. ಹೋಗುವವರು ಟಿಕೆಟ್ ತೆಗೆಸುವ ಮೊದಲು ರಾಯಭಾರ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮರುದಿನ ರಾತ್ರಿ ನಾನೊಬ್ಬನೇ ಹಿಂದಿರುಗಿದೆ. ಜೂನ್ 4ರಂದು ಹತ್ತನೆಯ ತರಗತಿಯಲ್ಲಿ ಬೆಳಕಿನ ಪ್ರತಿಫಲನ ಹೇಳುತ್ತಿದ್ದಾಗ ಜೇಬಿನಲ್ಲಿ ಫೋನು ನಡುಗಿತು. ಹೆಣ್ಣು ಮಗು. ಮಕ್ಕಳಿಗೆ ಚಾಕಲೇಟು ಹಂಚಿದೆ, ಪಾಠ ಅರ್ಧಕ್ಕೇ ನಿಂತಿತು.

ಜುಲೈ 9ಕ್ಕೆ ನನ್ನಾಕೆ ಬಂದಿಳಿದಾಗ ಮಗುವಿಗೆ 36ನೆಯ ದಿನ. ಮೂರು ತಿಂಗಳ ಬಾಣಂತನದಲ್ಲಿ ಉಳಿದದ್ದನ್ನು ಜೆ.ಪಿ. ನಗರದ ಬೀಗಿತ್ತಿ ವಹಿಸಿಕೊಂಡು 7ಕ್ಕೇ ಅಲ್ಲಿ ಇಳಿದಿದ್ದರು. ಅವರ ದಿನ ಎಣಿಸಿಕೊಟ್ಟವನು ನಾನೇ: ಇಳಿದ ದಿನವೂ ಸೇರಿ ಸೆಪ್ಟೆಂಬರ್ 4. ಆದರೂ ಅವರು ಮುದ್ರೆಯನ್ನು ನೋಡಿಯೇ ಟಿಕೆಟ್ ತೆಗೆಸಿದರು.