ಹದಿನೇಳನೇ ನಂಬರಿನ ಚಿಕ್ಕಮ್ಮ

ನಮ್ಮ ಮನೆಯಿಂದ ಹೈಸ್ಕೂಲಿಗೆ ಎಷ್ಟು ದೂರವಿತ್ತು ಎಂದು ಮಗಳು ಮೊದಲ ಸಲ ಕೇಳಿದಾಗ ನಾಲ್ಕು ಮೈಲಿ ಎಂದಿದ್ದೆ. ಅವಳು ಪಿಯುಸಿಗೆ ಬರುವಷ್ಟರಲ್ಲಿ ಅದು ಆರು ಮೈಲಿಯಾಗಿತ್ತು. ನಡುವೆ ಒಂದು ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಸಂಕ, ಸಂಕ ದಾಟಿದರೆ ಇಂಬಳಗಳ ಸಾಮ್ರಾಜ್ಯ. ಇವೆಲ್ಲ ಇದ್ದದ್ದು ನಿಜ. ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ತಮ್ಮನ ಬೈಕಿನ ಹಿಂದೆ ಕೂತು ಅದೇ ದಾರಿಯಲ್ಲಿ ಹೋದೆ. ಇಳಿದು ಮೀಟರ್ ನೋಡಿದರೆ ನಾಲ್ಕೂಕಾಲು ಕಿಲೋಮೀಟರ್. ನನ್ನ ಮುಖ ನೋಡಿ ತಮ್ಮ, "ಈಗ ಸೇತುವೆ ಆಗಿದ್ಯಲ್ಲ ಅಣ್ಣ, ಸುತ್ತು ತಪ್ಪಿದೆ" ಎಂದ. ತಮ್ಮ ಒಳ್ಳೆಯವನು.

ಹೋದದ್ದು ಗುರುವಂದನೆಗೆ. 1985ರಲ್ಲಿ ಎಸ್ಸೆಸ್ಸೆಲ್ಸಿ ಬರೆದವರೆಲ್ಲ ಸೇರಿ, ಬದುಕಿರುವ ಮೂವರು ಮೇಷ್ಟ್ರಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಡುವ ಕಾರ್ಯಕ್ರಮ. ಈಗ ಮಲೆನಾಡಿನ ಯಾವ ಶಾಲೆಯ ಯಾವ ಬ್ಯಾಚೂ ಇದರಿಂದ ತಪ್ಪಿಸಿಕೊಂಡಿಲ್ಲ. ಮೊದಲು ವಾಟ್ಸಾಪ್ ಗುಂಪು ಹುಟ್ಟುತ್ತದೆ, ಆಮೇಲೆ ಚಂದಾ ಪಟ್ಟಿ, ಆಮೇಲೆ ಗುರುಭಕ್ತಿ.

ಸಹಪಾಠಿಗಳ ಹೆಸರು ಬರೆದರೆ ಬೈಸಿಕೊಳ್ಳಬೇಕಾಗುತ್ತದೆ. ಹಾಜರಿ ನಂಬರಿನಲ್ಲೇ ಕರೆಯುತ್ತೇನೆ. ನಮಗೆ ಹೆಸರಿಗಿಂತ ಅದೇ ಚೆನ್ನಾಗಿ ನೆನಪಿರುವುದು. ನಾನು ಇಪ್ಪತ್ತೆರಡು. ನನ್ನ ಬೆಂಚಿನವನು ಹದಿನೇಳು. ಇಪ್ಪತ್ತನಾಲ್ಕಕ್ಕೆ ಹುಡುಗರು ಮುಗಿದು ಹುಡುಗಿಯರು ಶುರು, ಅವರಲ್ಲಿ ಮೂವತ್ತೊಂದು ಜಾಣೆ. ಮೂರು ವರ್ಷ ಒಂದೇ ಕೋಣೆಯಲ್ಲಿ ಕೂತರೂ ನಾವು ಅವರೊಡನೆ ಒಂದು ಮಾತಾಡಿದವರಲ್ಲ. ಅದರ ಫಲ ಈಗ ಕಾಣುತ್ತದೆ. ಐವತ್ತಾರು ದಾಟಿದ ಗಂಡಸರು ತಮ್ಮತಮ್ಮೊಳಗೆ 'ಲೋ', 'ಮಾರಾಯ' ಎಂದು ಬೆನ್ನು ತಟ್ಟಿಕೊಂಡು, ಮೂವತ್ತೊಂದರ ಕಡೆ ತಿರುಗಿದ ಕೂಡಲೇ "ನೀವು ಹೇಗಿದ್ದೀರಿ?" ಎಂದು ಕೈಕಟ್ಟಿ ನಿಲ್ಲುತ್ತಾರೆ.

ಹೈಸ್ಕೂಲಿನ ಕಷ್ಟ ಎಂದರೆ ಜನ ಇಂಗ್ಲಿಷನ್ನೂ ಗಣಿತವನ್ನೂ ನೆನೆಯುತ್ತಾರೆ. ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರುಮಾಡಿದ ನಮಗೆ ಇಂಗ್ಲಿಷ್ ಕಷ್ಟವೇ ಆಗಿತ್ತು, ಅದನ್ನು ಅಲ್ಲಿಗೇ ಬಿಡುತ್ತೇನೆ. ನನ್ನ ನಿಜವಾದ ಕಷ್ಟ ಮಧ್ಯಾಹ್ನದ ಗಂಟೆ. ಏಳನೆಯವರೆಗೆ ಪ್ರೈಮರಿ ಶಾಲೆಯಲ್ಲಿ ಉಪ್ಪಿಟ್ಟು ಸಿಗುತ್ತಿತ್ತು, ಅಮೆರಿಕದ ಕೇರ್ ಸಂಸ್ಥೆಯಿಂದ ಬರುತ್ತಿದ್ದ ಹಳದಿ ರವೆಯದು. ಅದರ ರುಚಿಯನ್ನು ಎಷ್ಟು ಬೈದುಕೊಂಡಿದ್ದೆವೋ, ಎಂಟನೇ ಕ್ಲಾಸಿನ ಮೊದಲ ದಿನ ಒಂದು ಗಂಟೆಗೆ ಅಷ್ಟೂ ನೆನಪಾಯಿತು. ಹೈಸ್ಕೂಲಿನಲ್ಲಿ ಉಪ್ಪಿಟ್ಟಿಲ್ಲ. ಬೆಳಿಗ್ಗೆ ಗಂಜಿ ಉಂಡು ಹೊರಟರೆ ಮುಂದಿನದು ಸಂಜೆ ಐದೂವರೆಗೆ.

ಗಂಟೆ ಬಾರಿಸಿದ ಕೂಡಲೇ ಪೇಟೆಯ ಹುಡುಗರು ಮನೆಗೆ ಓಡುತ್ತಿದ್ದರು. ಬುತ್ತಿ ತಂದವರು ಹಲಸಿನ ಮರದ ಬುಡಕ್ಕೆ ಹೋಗುತ್ತಿದ್ದರು. ಉಳಿದವರಿಗೆ ಎಲ್ಲಿಗಾದರೂ ಹೋಗಲೇಬೇಕು, ಯಾಕೆಂದರೆ ಸುಮ್ಮನೆ ಕೂತರೆ ಯಾರಾದರೂ "ಉಂಡ್ಯನಾ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ನಾನು ಒಂದು ಉತ್ತರ ಕಟ್ಟಿಕೊಂಡಿದ್ದೆ: "ನಂಗೆ ಮಧ್ಯಾಹ್ನ ಉಂಡ್ರೆ ತಲೆನೋವು ಬರ್ತದೆ." ಹೇಳಿ ಪಂಚಾಯಿತಿ ಕಟ್ಟಡದ ವಾಚನಾಲಯಕ್ಕೆ ನಡೆಯುತ್ತಿದ್ದೆ. 'ಸುಧಾ', 'ಮಯೂರ', ಆಮೇಲೆ ಹೊಸದಾಗಿ ಬಂದ 'ತರಂಗ', ಎಲ್ಲವನ್ನೂ ಓದಿದೆ. ಅಡುಗೆ ಪುಟ ಮಾತ್ರ ಮಗುಚಿಬಿಡುತ್ತಿದ್ದೆ. ನಿಮಗೆ ಸಾಹಿತ್ಯದ ರುಚಿ ಹತ್ತಿದ್ದು ಹೇಗೆ ಎಂದು ಯಾರಾದರೂ ಕೇಳಿದರೆ ಈಗಲೂ ಗಂಭೀರವಾಗಿ ಬೇರೇನೋ ಹೇಳುತ್ತೇನೆ. ಶಾರದಾ ಪೂಜೆಯ ದಿನ ಶಾಲೆಯಲ್ಲಿ ಮೊಸರವಲಕ್ಕಿ ಕೊಟ್ಟಾಗ ಮೂರು ಸಲ ಹಾಕಿಸಿಕೊಂಡೆ. ತಲೆನೋವು ಬರಲಿಲ್ಲ. ಯಾರೂ ಕೇಳಲೂ ಇಲ್ಲ, ಅದು ಅವರ ದೊಡ್ಡತನ.

ಹದಿನೇಳಕ್ಕೆ ಇಂಥ ಯಾವ ತಾಪತ್ರಯವೂ ಇರಲಿಲ್ಲ. ಅವನಿಗೆ ಪೇಟೆಯಲ್ಲಿ ಚಿಕ್ಕಮ್ಮ ಇದ್ದಳು. ಗಂಟೆ ಹೊಡೆದದ್ದೇ "ಚಿಕ್ಕಮ್ಮ ಕಾಯ್ತಿರ್ತಾಳೆ" ಎಂದು ಹೊರಟರೆ ಎರಡು ಗಂಟೆಗೆ ಬಾಯೊರೆಸಿಕೊಳ್ಳುತ್ತ ಬರುತ್ತಿದ್ದ. ಬಂದು ಪಕ್ಕದಲ್ಲಿ ಕೂತು ಪಟ್ಟಿ ಒಪ್ಪಿಸುತ್ತಿದ್ದ: ಇವತ್ತು ಕೆಸುವಿನ ಪತ್ರೊಡೆ, ಇವತ್ತು ಒಂದೆಲಗದ ತಂಬುಳಿ, ಜೊತೆಗೆ ಹಲಸಿನ ಹಪ್ಪಳ. ಮೊದಲ ಮಳೆಗೆ ಗದ್ದೆಗೆ ಹತ್ತುಮೀನು ಬಂದ ವಾರ ಅವನ ಚಿಕ್ಕಮ್ಮ ಮಾಡಿದ ಸಾರಿನ ವರ್ಣನೆಯಲ್ಲಿ ಒಂದಿಡೀ ಪ್ರಮೇಯ ಮುಗಿದುಹೋಯಿತು. ಆ ಚಿಕ್ಕಮ್ಮನನ್ನು ನಾನು ಕಂಡವನಲ್ಲ. ಆದರೆ ಅವಳ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಸಾಮಾನ್ಯದ್ದಲ್ಲ. ನನ್ನ ಅಮ್ಮನಿಗೆ ಒಬ್ಬಳೂ ತಂಗಿಯಿಲ್ಲದ್ದಕ್ಕೆ ಅಜ್ಜಿಯ ಮೇಲೆ ಸಿಟ್ಟು ಮಾಡಿಕೊಂಡದ್ದೂ ಉಂಟು. ಅವನ ಅಂಗಿಗೂ ತಲೆಗೂ ಸದಾ ಮರದ ಹೊಟ್ಟು ಅಂಟಿರುತ್ತಿತ್ತು. "ಚಿಕ್ಕಮ್ಮನ ಮನೇಲಿ ಹೊಟ್ಟಿನ ಒಲೆ" ಎನ್ನುತ್ತಿದ್ದ. ಆಗ ಎಷ್ಟೋ ಮನೆಗಳಲ್ಲಿ ಹೊಟ್ಟಿನ ಒಲೆ ಇತ್ತು, ನಂಬಿದೆ.

ಒಂದೇ ಒಂದು ಸಲ ಅನುಮಾನದ ಎಳೆ ಹೊರಬಿದ್ದಿತ್ತು. ಜನವರಿ ತಿಂಗಳು. ಅವನು ಕಳಲೆ ಪಲ್ಯ ಎಂದ. ಹಿಂದಿನಿಂದ ಮೂವತ್ತೊಂದು ಪಕ್ಕದವಳಿಗೆ ಹೇಳುವಂತೆ, ಆದರೆ ನಮಗೆಲ್ಲ ಕೇಳುವಂತೆ, "ಈ ಕಾಲದಲ್ಲಿ ಕಳಲೆ ಎಲ್ಲಿಂದ ಬಂತೇ?" ಎಂದಳು. ಬಿದಿರು ಮೊಳೆಯುವುದು ಮಳೆಗಾಲದಲ್ಲಲ್ಲವೆ. ಹದಿನೇಳು ಒಂದು ಗಳಿಗೆಯೂ ತಡವರಿಸಲಿಲ್ಲ. ಕಿಟಕಿಗೆ ಹೇಳುವಂತೆ, "ಉಪ್ಪಿಗೆ ಹಾಕಿಟ್ಟದ್ದು" ಎಂದ.

ಮಧ್ಯಾಹ್ನದ ಮೊದಲ ಪಿರಿಯಡ್ಡೇ ಗಣಿತ. ಬೋರ್ಡಿನ ಮೇಲೆ ದತ್ತ, ಸಾಧನೀಯ, ರಚನೆ, ಸಾಧನೆ. ನನ್ನ ಲೆಕ್ಕದಲ್ಲಿ ದತ್ತ ಎಂದರೆ ಬೆಳಗಿನ ಗಂಜಿ, ಸಾಧನೀಯ ಎಂದರೆ ನಾಲ್ಕೂವರೆಯ ಗಂಟೆ. ರಚನೆಗೆ ಏನೂ ಇಲ್ಲ. ಕಣ್ಣು ಕೂರುತ್ತಿತ್ತು, ಮೇಷ್ಟ್ರ ಬೆತ್ತ ಏಳಿಸುತ್ತಿತ್ತು. ಹದಿನೇಳೂ ತೂಕಡಿಸುತ್ತಿದ್ದ. ಅವನದು ಉಂಡ ನಿದ್ದೆ ಎಂದುಕೊಂಡು, ಇಬ್ಬರಿಗೂ ಒಂದೇ ಏಟು ಬೀಳುವುದು ನ್ಯಾಯವಲ್ಲ ಎಂದು ಕೊರಗುತ್ತಿದ್ದೆ. ಪರೀಕ್ಷೆಯ ಫಲಿತಾಂಶ ಪೇಪರಿನಲ್ಲಿ ಬರುವ ಕಾಲ ಅದು, ಪುಟದ ತುಂಬ ಬರೀ ನಂಬರುಗಳು. ಬಸ್ಸಿನ ಟಾಪಿನಿಂದ ಬಿದ್ದ ಪತ್ರಿಕೆಯ ಕಟ್ಟನ್ನು ಹತ್ತು ಜನ ಒಟ್ಟಿಗೆ ಹರಿದೆವು. ನನ್ನ ನಂಬರಿತ್ತು. ಗಣಿತದಲ್ಲಿ ಬಂದದ್ದು 35, ಒಂದು ಕಮ್ಮಿಯಿಲ್ಲ, ಒಂದು ಹೆಚ್ಚಿಲ್ಲ. ಹದಿನೇಳರ ನಂಬರಿರಲಿಲ್ಲ. ಅವನು ಪುಟವನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿ, ಮಡಿಸಿ, ಅಂಗಡಿಯವನಿಗೆ ಕೊಟ್ಟು ಹೋದ. ಆಮೇಲೆ ಶಾಲೆಯ ಕಡೆ ಬರಲಿಲ್ಲ. ಈಗ ಅಡಿಕೆ ಚೇಣಿ ಹಿಡಿಯುತ್ತಾನೆ. ಮರದ ಮೇಲಿನ ಗೊನೆ ನೋಡಿ ತೋಟಕ್ಕೆ ಎಷ್ಟು ಕ್ವಿಂಟಾಲ್ ಎಂದು ಹೇಳುವವನು.

ಗುರುವಂದನೆಯ ಭಾಷಣಗಳು ಒಂದೂವರೆಯಾದರೂ ಮುಗಿಯಲಿಲ್ಲ. ಎಂಬತ್ತು ದಾಟಿದ ಗಣಿತ ಮೇಷ್ಟ್ರು, ನಿಮ್ಮಂಥ ಚುರುಕು ಹುಡುಗರು ಮತ್ತೆ ಬರಲಿಲ್ಲ ಎಂದದ್ದಕ್ಕೆ ನಾವೇ ಜೋರಾಗಿ ನಕ್ಕೆವು. ನಾನೂ ಹದಿನೇಳೂ ಎದ್ದು ಹಿಂದೆ ಹೋದೆವು. ಹಲಸಿನ ಮರ ಇದ್ದಲ್ಲಿ ಈಗ ಅಡುಗೆಕೋಣೆ, ಗೋಡೆಯ ಮೇಲೆ 'ಅಕ್ಷರ ದಾಸೋಹ'. ಪ್ರೌಢಶಾಲೆಗೆ ಬಿಸಿಯೂಟ ಬಂದದ್ದು 2007ರಲ್ಲಿ, ಎಂಟನೆಯವರಿಗೆ ಸೈಕಲ್ಲು ಅದಕ್ಕೂ ಒಂದು ವರ್ಷ ಮೊದಲು. ನಾವು ಇಪ್ಪತ್ತು ವರ್ಷ ಅವಸರ ಮಾಡಿ ಹುಟ್ಟಿದ್ದೆವು. ಒಳಗಿನಿಂದ ಸಾಂಬಾರಿನ ಘಮ ಬಂತು, ನನಗೆ ಥಟ್ಟನೆ ನೆನಪಾಗಿ ಕೇಳಿದೆ:

"ನಿನ್ನ ಚಿಕ್ಕಮ್ಮ ಇದಾರನಾ?"

"ಯಾವ ಚಿಕ್ಕಮ್ಮ?"

"ಪೇಟೆಯವರು ಮಾರಾಯ. ಪತ್ರೊಡೆ, ಹತ್ತುಮೀನು..."

ಅವನು ನನ್ನನ್ನೇ ನೋಡಿದ. ಆಮೇಲೆ ನಗಲು ಶುರುಮಾಡಿದವನು ಗೋಡೆ ಹಿಡಿದುಕೊಂಡ. "ನೀ ಇಷ್ಟು ವರ್ಷ ನಂಬಿಕೊಂಡೇ ಇದ್ಯನಾ? ಎಂತಾ ಚಿಕ್ಕಮ್ಮ! ಮರದ ಮಿಲ್ಲಿನ ಹಿಂದೆ ಹೊಟ್ಟಿನ ರಾಶಿ ಇತ್ತಲ್ಲ, ಅದರ ಮೇಲೆ ಮಲಗ್ತಿದ್ದೆ. ಬೆಚ್ಚಗಿರ್ತಿತ್ತು."

ನನಗೆ ನಗು ಬರಲಿಲ್ಲ. ನಲವತ್ತು ವರ್ಷ ಜೋಪಾನ ಮಾಡಿದ ಹೊಟ್ಟೆಕಿಚ್ಚನ್ನು ಒಂದೇ ಕ್ಷಣದಲ್ಲಿ ಇಳಿಸಿಡು ಎಂದರೆ ಎಲ್ಲಿಡುವುದು? ಏನಾದರೂ ಹೇಳಬೇಕಲ್ಲ ಎಂದು, "ನಂಗೂ ತಲೆನೋವು ಎಂತದೂ ಇರ್ಲಿಲ್ಲ" ಎಂದೆ. "ಅದು ಗೊತ್ತಿತ್ತು, ಮೊಸರವಲಕ್ಕಿ ದಿನ" ಎಂದ.

ಅಷ್ಟರಲ್ಲಿ ಮೂವತ್ತೊಂದು ನೀರು ಕುಡಿಯಲು ಅತ್ತ ಬಂದರು. ನಗುವಿನ ಕಾರಣ ಕೇಳಿದರು, ಹೇಳಿದೆವು. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನಮ್ಮನೆ ಮಿಲ್ಲಿನ ಹಿಂದೇನೇ. ದಿನಾ ಹಿತ್ತಿಲಿಂದ ಕಾಣ್ತಿತ್ತು, ಇವರು ಮುಖದ ಮೇಲೆ ಪುಸ್ತಕ ಮುಚ್ಚಿಕೊಂಡು ಮಲಗಿರೋದು."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?" ಎಂದೆ.

"ಹುಡುಗರ ಹತ್ರ ಮಾತಾಡಿದ್ರೆ ಅಪ್ಪ ಕಾಲು ಮುರೀತಿದ್ರು" ಎಂದರು. ಲೋಟ ತೊಳೆದು ಕವುಚಿಟ್ಟು, ಹದಿನೇಳರ ಕಡೆ ನೋಡದೆ ಇನ್ನೊಂದು ಮಾತು ಸೇರಿಸಿದರು. "ಕಳಲೆ ದಿನ ನಾನು ಹಾಗೆ ಕೇಳಬಾರದಿತ್ತು. ಆಮೇಲೆ ಬಹಳ ಸಲ ಅನ್ನಿಸಿದೆ."

"ಬಿಡಿ, ಉತ್ತರ ಹೇಳಿದ್ನಲ್ಲ" ಎಂದ ಹದಿನೇಳು.

ಶಾಮಿಯಾನದಿಂದ ಊಟಕ್ಕೆ ಕರೆದರು. ಎಲೆಯ ಮುಂದೆ ಮೂವರೂ ಒಂದೇ ಸಾಲಿನಲ್ಲಿ ಕೂತೆವು, ಹಾಜರಿ ಪುಸ್ತಕದಲ್ಲಿ ಸಾಧ್ಯವೇ ಇರದಿದ್ದ ಕ್ರಮದಲ್ಲಿ. ಹದಿನೇಳು ಪಾಯಸ ಎರಡನೇ ಸಲ ಹಾಕಿಸಿಕೊಳ್ಳುವಾಗ ಬಡಿಸುವ ಹುಡುಗನಿಗೆ, "ಇವರಿಗೆ ಹಾಕ್ಬೇಡ, ಮಧ್ಯಾಹ್ನ ಉಂಡ್ರೆ ತಲೆನೋವು" ಎಂದು ನನ್ನತ್ತ ಬೆರಳು ತೋರಿಸಿದ. ಹುಡುಗ ನಿಜವೆಂದೇ ತಿಳಿದು ಸೌಟು ಎತ್ತಿಕೊಂಡು ಮುಂದೆ ಹೋದ.

ಈಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಯಾರಾದರೊಬ್ಬರು ಕೇಳುತ್ತಾರೆ, "ಚಿಕ್ಕಮ್ಮನ ಮನೇಲಿ ಇವತ್ತು ಎಂತ?" ಹದಿನೇಳು ಯಾವುದೋ ತೋಟದಲ್ಲಿ ನಿಂತುಕೊಂಡೇ ಉತ್ತರ ಬರೆಯುತ್ತಾನೆ. ಒಂದು ದಿನ ಹೀರೇಕಾಯಿ ಚಟ್ನಿ, ಒಂದು ದಿನ ಕಡುಬು. ಸಂಕ್ರಾಂತಿಯ ಮಾರನೇ ದಿನ 'ಕಳಲೆ ಪಲ್ಯ' ಎಂದು ಬರೆದ. ಬಹಳ ಹೊತ್ತು ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ಎರಡು ಗಂಟೆಯ ಹೊತ್ತಿಗೆ ಮೂವತ್ತೊಂದರಿಂದ ಬಂತು: "ಉಪ್ಪಿಗೆ ಹಾಕಿಟ್ಟದ್ದಾ?"